ಗುಂಯ್‌ಗುಡುವ ಕರೆಂಟಿನ ಹಿಂದಿನ ಕಥೆ

ಶ್ರೀರಂಗಪಟ್ಟಣವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮುಂದೆ ಹರಿಯುವ ಕಾವೇರಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಆ ನೀರಿನಿಂದ ಹುಟ್ಟಿದ ಕರೆಂಟು 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ತಲುಪಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ, ಜೋಲಿ ಡಿ ಲೋಟ್‌ಬಿನಿಯರ್ ಅನ್ನೋ ಇಂಜಿನಿಯರ್‌ನ ಲೆಕ್ಕಾಚಾರ, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಯಂತ್ರಗಳು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು, 1908ರಲ್ಲಿ ಮೈಸೂರಿಗೂ ಬೆಳಕು ಬಂತು. ಬೇಸಿಗೆಯಲ್ಲಿ ನದಿ ಸೊರಗಿದರೆ ಗಣಿಯ ಮಿಷನ್‌ಗಳಿಗೆ ತೊಂದರೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದಕ್ಕೆ ನೀರಾವರಿಯ ಜೊತೆಗೆ ಇದೂ ಒಂದು ದೊಡ್ಡ ಕಾರಣ.

ಇದೆಲ್ಲ ನಮಗೆ ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಟ್ಟ ಪಾಠ. ಹೆಮ್ಮೆ ಪಡಬೇಕಾದ್ದೇ ಬಿಡಿ. ಆದರೆ ನೀರು ನಮ್ಮದು, ಕರೆಂಟು ಮಾತ್ರ ಮೊದಲು ಗಣಿಗೆ, ಆಮೇಲೆ ಪಟ್ಟಣಕ್ಕೆ! ಮೈಸೂರ ಮಲ್ಲಿಗೆಯ ಕವಿ ಕೆ.ಎಸ್. ನರಸಿಂಹಸ್ವಾಮಿ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರು. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರು. ಇಬ್ಬರೂ ಹುಟ್ಟಿದ್ದು 1915ರಲ್ಲಿ. ಅಷ್ಟೊತ್ತಿಗೆ ಶಿವನಸಮುದ್ರದ ಯಂತ್ರಗಳು ತಿರುಗಲು ಶುರುಮಾಡಿ 13 ವರ್ಷ ಆಗಿತ್ತು. ನಮ್ಮ ಬಹುಪಾಲು ಹಳ್ಳಿಗಳು ಮಾತ್ರ ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಕಾಯಬೇಕಾಯಿತು.

ಹಳ್ಳಿಗೆ ಕರೆಂಟು ಬಂದ ಮೇಲೂ ಮೊದಲ ಮಣೆ ಪಂಪ್‌ಸೆಟ್ಟಿಗೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ನಾಲೆ ಇದೆ. ನಾಗಮಂಗಲ, ಕೆ.ಆರ್. ಪೇಟೆಯ ಒಣ ಭಾಗಗಳಲ್ಲಿ ಬೋರ್‌ವೆಲ್ಲೇ ಗತಿ. ತ್ರೀ ಫೇಸ್ ಕೊಡುವುದು ದಿನದಲ್ಲಿ ಕೆಲವೇ ಗಂಟೆ. ಉಳಿದ ಹೊತ್ತಿನಲ್ಲೂ ಮೋಟರ್ ಓಡಿಸಲು ಕಂಡೆನ್ಸರ್ ಹಾಕಿದ ಫೇಸ್ ಕನ್ವರ್ಟರ್! ಪೈರು ಒಣಗುತ್ತಿರುವಾಗ ರೈತ ಇನ್ನೇನು ಮಾಡಬೇಕು ಹೇಳಿ? ಆದರೆ ಮೂರು ಫೇಸಿನ ಮೇಲೆ ಭಾರ ಸಮನಾಗಿ ಬೀಳದಿದ್ದರೆ, ಉಳಿಕೆ ಕರೆಂಟೆಲ್ಲ ನ್ಯೂಟ್ರಲ್ ತಂತಿಯಲ್ಲಿ ವಾಪಸ್ ಹರಿಯುತ್ತದೆ. ಆ ತಂತಿ ತೆಳ್ಳಗಿದ್ದು, ಎಲ್ಲೋ ಒಂದು ಜಾಯಿಂಟ್ ಸಡಿಲವಿದ್ದರೆ 'ಸೊನ್ನೆ' ಅನ್ನಿಸಿಕೊಳ್ಳಬೇಕಾದ ನ್ಯೂಟ್ರಲ್ ಸೊನ್ನೆಯಲ್ಲಿ ನಿಲ್ಲುವುದಿಲ್ಲ. ಒಂದು ಮನೆಯಲ್ಲಿ ಬಲ್ಬು ಮಂಕು, ಪಕ್ಕದ ಮನೆಯಲ್ಲಿ ಢಮಾರ್. 2000ದ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರ ನಿರಂತರ ಜ್ಯೋತಿ ಅಂತ ಮನೆಯ ಲೈನು, ಪಂಪ್‌ಸೆಟ್ ಲೈನು ಬೇರೆ ಮಾಡಲು ಹೊರಟಿದ್ದರ ಹಿಂದೆ ಇಂಥ ಸಂಕಟಗಳೂ ಇದ್ದವು.

ಸರಿ, ಇದಕ್ಕೂ ಸಂಗೀತಕ್ಕೂ ಏನು ಸಂಬಂಧ? ಇದೆ ಸ್ವಾಮಿ :-)

ನಾಗಮಂಗಲದ ಕಡೆಯ ನಮ್ಮ ಹಳ್ಳಿ ಮನೆಯಲ್ಲಿ ಅಜ್ಜಿ ಹಾಡಿದ ಸೋಬಾನೆ ಪದಗಳ ಎರಡು ಕ್ಯಾಸೆಟ್ ಇವೆ. ಕ್ಯಾಸೆಟ್ ಡೆಕ್ಕಿನಿಂದ ಕಂಪ್ಯೂಟರಿಗೆ ಇಳಿಸಲು ಕೂತರೆ ಹಾಡಿನ ಕೆಳಗೆ ಸದಾ ಒಂದು 'ಗುಂಯ್'. ಅದು 50 ಹರ್ಟ್ಸ್ ಮತ್ತು ಅದರ ಮರಿಗಳಾದ 100, 150, 200... ಸಾಫ್ಟ್‌ವೇರಿನಲ್ಲಿ ಅಳಿಸಬಹುದಲ್ಲ ಅಂತೀರಾ? ಅಜ್ಜಿಯ ಕಂಠದ ತೂಕವೂ ಆ 150-200ರ ಆಸುಪಾಸಿನಲ್ಲೇ ಇದೆ. ಗುಂಯ್ ಜೊತೆ ಅಜ್ಜಿಯೂ ಹೋಗುತ್ತಾಳೆ. ಹಳೇ ಟೇಪು ಪ್ರತಿ ಸಲ ಓಡಿದಾಗಲೂ ಸ್ವಲ್ಪ ಸವೆಯುತ್ತದೆ, ಹಾಗಾಗಿ ಹತ್ತಾರು ಸಲ ಪ್ರಯತ್ನ ಮಾಡುವ ಹಾಗೂ ಇಲ್ಲ.

ನಮ್ಮ ಮನೆಯ 230 ವೋಲ್ಟ್ ಒಂಟಿ ಎತ್ತಿನ ಗಾಡಿ ಇದ್ದ ಹಾಗೆ. ಒಂದು ತಂತಿಯಲ್ಲಿ ಪೂರ್ತಿ 230, ಇನ್ನೊಂದರಲ್ಲಿ ಸೊನ್ನೆ. ಉಪಕರಣದೊಳಗಿನ ಫಿಲ್ಟರ್ ಕೆಪಾಸಿಟರ್ ಮತ್ತು ಟ್ರಾನ್ಸ್‌ಫಾರ್ಮರ್ ಮೂಲಕ ಒಂಚೂರು ಕರೆಂಟು ಅದರ ಲೋಹದ ಪೆಟ್ಟಿಗೆಗೆ ಸೋರುತ್ತಲೇ ಇರುತ್ತದೆ. ಡೆಕ್ಕಿಗೂ ಕಂಪ್ಯೂಟರಿಗೂ ನಡುವೆ ಕೇಬಲ್ ಹಾಕಿದ ತಕ್ಷಣ ಆ ಸೋರಿಕೆ ಕೇಬಲ್ಲಿನ ಹೊರಜಾಲರಿಯಲ್ಲಿ ಹರಿದು ಸಂಗೀತದ ಜೊತೆ ಸೇರಿಕೊಳ್ಳುತ್ತದೆ.

ಈ ರೋಗಕ್ಕೆ ಮದ್ದು ಮೊದಲು ಕಂಡುಕೊಂಡವರು ಟೆಲಿಫೋನಿನವರು. ಶುರುವಿನಲ್ಲಿ ಅವರು ಒಂದೇ ತಂತಿ ಎಳೆದು, ವಾಪಸ್ ದಾರಿಗೆ ಭೂಮಿಯನ್ನೇ ಬಳಸುತ್ತಿದ್ದರು. ಊರಿಗೆ ವಿದ್ಯುತ್ ದೀಪ, ಟ್ರಾಮು ಬಂದ ಮೇಲೆ ಫೋನಿನಲ್ಲಿ ಬರೀ ಗದ್ದಲ. 1881ರಲ್ಲಿ ಗ್ರಹಾಂ ಬೆಲ್ ಎರಡು ತಂತಿ ಹೊಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಎರಡೂ ತಂತಿಯ ಮೇಲೆ ಗದ್ದಲ ಸಮನಾಗಿ ಬಿದ್ದರೆ ಒಂದನ್ನೊಂದು ಕಳೆದುಹಾಕುತ್ತವೆ. ಅದೇ ಬುದ್ಧಿಯನ್ನು ಪವರ್ ಸಪ್ಲೈಗೆ ಹಚ್ಚಿದರೆ ಬ್ಯಾಲೆನ್ಸ್ಡ್ ಪವರ್. ಬ್ರಿಟನ್ನಿನಲ್ಲಿ ಕಟ್ಟಡ ಕೆಲಸದ 110 ವೋಲ್ಟ್ ಉಪಕರಣಗಳಿಗೆ 55-0-55 ಕೊಡುವುದು ಶಾಕ್ ಹೊಡೆತ ತಗ್ಗಿಸಲಿಕ್ಕೆ. ಅಮೆರಿಕದ ವಿದ್ಯುತ್ ನಿಯಮಾವಳಿ 1996ರಲ್ಲಿ ಸ್ಟುಡಿಯೋಗಳಿಗೆ 60-0-60 ಒಪ್ಪಿಕೊಂಡಿತು.

ನಾನು ಮಾಡಿಸಿದ್ದು 115-0-115. 500 ವಿಎ ಐಸೊಲೇಶನ್ ಟ್ರಾನ್ಸ್‌ಫಾರ್ಮರ್, ಪ್ರೈಮರಿ ಸೆಕೆಂಡರಿ ನಡುವೆ ತಾಮ್ರದ ಶೀಲ್ಡ್, ಸೆಕೆಂಡರಿಯಲ್ಲಿ 115ರ ಎರಡು ಸುತ್ತು. ಎರಡನ್ನೂ ಸೇರಿಸಿದ ನಡುಬಿಂದು ಅರ್ಥಿಗೆ. ಡೆಕ್ಕಿಗೆ ಸಿಗುವುದು ಅದೇ 230, ಆದರೆ ಒಂದು ತಂತಿ ಮೇಲೇರಿದಾಗ ಇನ್ನೊಂದು ಅಷ್ಟೇ ಕೆಳಗಿಳಿಯುತ್ತದೆ. ಎರಡೂ ಕಡೆಯ ಸೋರಿಕೆ ಎದುರುಬದುರಾಗಿ ಸೊನ್ನೆಯ ಹತ್ತಿರ ಬರುತ್ತದೆ. ಜೋಡೆತ್ತು ಕಟ್ಟಿದ ಹಾಗೆ. ಟ್ರಾನ್ಸ್‌ಫಾರ್ಮರಿನೊಳಗಿನ ಸೋರಿಕೆ ಎರಡೂ ಕಡೆ ಕರಾರುವಾಕ್ಕಾಗಿ ಸಮ ಇರುವುದಿಲ್ಲವಾದ್ದರಿಂದ ಗುಂಯ್ ಪೂರ್ತಿ ಸಾಯಲಿಲ್ಲ. ಅಜ್ಜಿ ಹಾಡಿನ ನಡುವೆ ಉಸಿರೆಳೆದುಕೊಳ್ಳುವುದು ಕೇಳಿಸುವಷ್ಟು ತಗ್ಗಿತು. ನನಗೆ ಅಷ್ಟು ಸಾಕು.

ಮಾಡಿಸುವವರಿಗೆ ಎರಡು ಮಾತು. ಇಲ್ಲಿ ಎರಡೂ ತಂತಿ ಲೈವ್. ನಮ್ಮ ಗೋಡೆಯ ಸ್ವಿಚ್ಚು ಸಾಮಾನ್ಯವಾಗಿ ಒಂದೇ ತಂತಿ ಕಡಿಯುತ್ತದೆ, ಆಫ್ ಮಾಡಿದರೂ ಇನ್ನೊಂದರಲ್ಲಿ 115 ಕೂತೇ ಇರುತ್ತದೆ. ಆದ್ದರಿಂದ ಡಬಲ್ ಪೋಲ್ ಎಂಸಿಬಿ, ಟ್ರಾನ್ಸ್‌ಫಾರ್ಮರ್ ಆದ ಮೇಲೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್, ಮೂರೂ ಬೇಕೇ ಬೇಕು. ಇದ್ದಿಲು ಉಪ್ಪು ಹಾಕಿದ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಎಲ್ಲ ವ್ಯರ್ಥ, ನೀರು ಹುಯ್ಯುತ್ತಿರಬೇಕು. ವೋಲ್ಟೇಜ್ ಏರಿಳಿತಕ್ಕೆ ಇದು ಮದ್ದಲ್ಲ, ಅದಕ್ಕೆ ಸ್ಟೆಬಿಲೈಜರ್ರೇ ಆಗಬೇಕು.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಜಾತ್ರೆ, ಹರಿಕಥೆ, ನಾಟಕದ ಮೈಕ್‌ಸೆಟ್‌ಗಳಲ್ಲಿ ಗುಂಯ್ ಬಂದರೆ ಅರ್ಥ್ ಪಿನ್ನನ್ನೇ ಕಿತ್ತು ಹಾಕುವ ಅಭ್ಯಾಸವಿದೆ. ಸದ್ದು ನಿಲ್ಲುತ್ತದೆ, ನಿಜ. ಆಂಪ್ಲಿಫೈಯರ್ ಒಳಗೆ ಒಂದು ತಂತಿ ಬಿಚ್ಚಿಕೊಂಡು ಪೆಟ್ಟಿಗೆಗೆ ತಾಗಿದ ದಿನ ಮೈಕು ಹಿಡಿದವನ ಹಾಡೂ ನಿಲ್ಲಬಹುದು. ಪಿನ್ನು ಕೀಳಬೇಡಿ, ಕೀಳುವವರನ್ನು ಕಂಡರೆ ತಡೆಯಿರಿ.

ನಾಗೇಗೌಡರು ಟೇಪ್ ರೆಕಾರ್ಡರ್ ಇಟ್ಟುಕೊಂಡು ಜನಪದ ಹಾಡು ಸಂಗ್ರಹಿಸಿದ ನಾಡು ಇದು. ಅವರು ಮುಟ್ಟದ ಮನೆಗಳ ಅಟ್ಟದ ಮೇಲೂ ಕ್ಯಾಸೆಟ್‌ಗಳಿವೆ. ನಿಮ್ಮ ಮನೆಯಲ್ಲೂ ಇರಬಹುದು, ಒಮ್ಮೆ ಹುಡುಕಿ ನೋಡಿ. ಸಿಕ್ಕರೆ ಬರೆಯಿರಿ, ಯಾರ ದನಿ, ಯಾವ ಪದ ಅಂತ.