ಫೈಬರ್ ದೋಣಿಯೊಳಗಿನ ಪಸೆ

1942ರಲ್ಲಿ ಅಮೆರಿಕದ ಟೊಲೀಡೊ ನಗರದಲ್ಲಿ ರೇ ಗ್ರೀನ್ ಎಂಬ ದೋಣಿ ಕಟ್ಟುವವರು ಗಾಜಿನ ನಾರನ್ನು ಪಾಲಿಯೆಸ್ಟರ್ ರಾಳದಲ್ಲಿ ಅದ್ದಿ ಪುಟ್ಟ ಹಾಯಿದೋಣಿಯೊಂದನ್ನು ಮಾಡಿದರು. 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನಕ್ಕೆ ಪಿಯರ್ಸನ್ ಕಂಪನಿ ಸುಮಾರು 28 ಅಡಿಯ 'ಟ್ರೈಟನ್' ತಂದಿಟ್ಟ ಮೇಲೆ ಫೈಬರ್ ದೋಣಿ ಮಧ್ಯಮ ವರ್ಗದ ಕೈಗೂ ಸಿಕ್ಕಿತು. ಮರವಾದರೆ ಕೊಳೆಯುತ್ತದೆ, ಹುಳ ಹಿಡಿಯುತ್ತದೆ. ಫೈಬರಿಗೆ ನೀರಿನ ಭಯವೇ ಇಲ್ಲ ಎಂದು ಕಟ್ಟುವವರೂ ಕೊಳ್ಳುವವರೂ ನಂಬಿದ್ದರು.

ಎಪ್ಪತ್ತರ ದಶಕದ ಹೊತ್ತಿಗೆ ಆ ನಂಬಿಕೆ ಅಲುಗಾಡಿತು. ದಡಕ್ಕೆ ಎಳೆದ ದೋಣಿಗಳ ತಳದಲ್ಲಿ ಗುಳ್ಳೆಗಳು ಕಾಣತೊಡಗಿದವು. ಚುಚ್ಚಿದರೆ ವಿನೆಗರಿನಂಥ ಹುಳಿ ವಾಸನೆಯ, ಬೆರಳಿಗೆ ಜಿಗುಟಾಗುವ ದ್ರವ ಚಿಮ್ಮುತ್ತಿತ್ತು. ಹೊರಮೈಯ ಜೆಲ್‌ಕೋಟ್ ಹನಿ ನೀರನ್ನು ತಡೆಯುತ್ತದೆ ನಿಜ, ಆದರೆ ನೀರಿನ ಅಣುಗಳು ನಿಧಾನವಾಗಿ ಅದನ್ನು ದಾಟುತ್ತವೆ. ಒಳಗೆ ರಾಳದಲ್ಲಿ ಸೇರದೆ ಉಳಿದ ಗ್ಲೈಕಾಲ್‌ನಂಥ ಪದಾರ್ಥಗಳನ್ನು ಕರಗಿಸಿಕೊಂಡು ಗಟ್ಟಿ ದ್ರಾವಣವಾಗುತ್ತವೆ. ಆ ದ್ರಾವಣ ಮತ್ತಷ್ಟು ನೀರನ್ನು ಎಳೆದುಕೊಳ್ಳುತ್ತದೆ, ಒತ್ತಡ ಏರಿ ಗುಳ್ಳೆ ಎದ್ದುಬರುತ್ತದೆ. ಎಂಬತ್ತರ ದಶಕದಲ್ಲಿ ರೋಡ್ ಐಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಕೋಸ್ಟ್ ಗಾರ್ಡ್‌ಗಾಗಿ ಇದನ್ನೇ ಕೂಲಂಕಷವಾಗಿ ಪರೀಕ್ಷಿಸಿದರು. ಡೆಕ್‌ನ ಕಥೆ ಬೇರೆ. ಎರಡು ಫೈಬರ್ ಪದರಗಳ ನಡುವೆ ಹಗುರವಾದ ಬಾಲ್ಸಾ ಮರವನ್ನು ತುಂಬುವ ರೂಢಿ ಇತ್ತು. ಒಂದು ಬೋಲ್ಟಿನ ಸುತ್ತ ಸೀಲ್ ಸಡಿಲವಾದರೂ ಸಾಕು, ನೀರು ಒಳಗೇ ಹರಡುತ್ತಿತ್ತು. ಮೇಲ್ಮೈ ಹೊಳೆಯುತ್ತಲೇ ಇರುತ್ತಿತ್ತು, ಒಳಗಿನ ಮರ ಮಾತ್ರ ಕೊಳೆಯುತ್ತಿತ್ತು.

ಕಣ್ಣಿಗೆ ಕಾಣದ ಈ ಪಸೆಯನ್ನು ಹುಡುಕಲು ದೋಣಿಯ ಸ್ಥಿತಿ ಪರೀಕ್ಷಿಸುವ ಸರ್ವೇಯರುಗಳು ಮರದ ವ್ಯಾಪಾರದ ಕಡೆ ನೋಡಿದರು. ಎರಡು ಸೂಜಿ ಚುಚ್ಚಿ ನಡುವಿನ ವಿದ್ಯುತ್ ರೋಧವನ್ನು ಅಳೆಯುವ ಮೀಟರ್ ಅಲ್ಲಿ ಹಿಂದಿನಿಂದಲೂ ಬಳಕೆಯಲ್ಲಿತ್ತು. ಫೈಬರಿಗೆ ಸೂಜಿ ಇಳಿಯದು, ಇಳಿಸಿದರೆ ಅದೇ ಹೊಸ ತೂತು. ಹಾಗಾಗಿ ಮೇಲೆ ಒತ್ತಿ ಹಿಡಿಯುವ ಬಗೆಯ ಮೀಟರುಗಳು ಬಂದವು: ಬ್ರಿಟನ್ನಿನ ಸಾವರಿನ್ ಮತ್ತು ಪ್ರೋಟಿಮೀಟರ್, ಐರ್ಲೆಂಡಿನ ಟ್ರಾಮೆಕ್ಸ್ ಸ್ಕಿಪ್ಪರ್. ಇವು ದೋಣಿಯ ಗೋಡೆಯೊಳಕ್ಕೆ ಸಣ್ಣ ವಿದ್ಯುತ್ ಕ್ಷೇತ್ರವನ್ನು ಹಾಯಿಸುತ್ತವೆ. ಅಂಥ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂದು ಹೇಳುವ ಡೈಎಲೆಕ್ಟ್ರಿಕ್ ಅಂಕ ಒಣ ಫೈಬರಿಗೆ ನಾಲ್ಕೈದು, ನೀರಿಗೆ ಸುಮಾರು 80. ಅಂತರ ಇಷ್ಟು ದೊಡ್ಡದಾದ್ದರಿಂದ ಸ್ವಲ್ಪ ನೀರಿದ್ದರೂ ಮುಳ್ಳು ಏರುತ್ತದೆ.

ಗೊಂದಲ ಶುರುವಾದದ್ದೂ ಇಲ್ಲೇ. ಕೆಲವು ಮೀಟರುಗಳ ಮುಖದ ಮೇಲೆ ಮರಕ್ಕೆ ಹೊಂದುವ ಶೇಕಡಾ ಅಂಕಗಳೇ ಇದ್ದವು. ಮುಳ್ಳು 20 ತೋರಿಸಿದರೆ ಗೋಡೆಯಲ್ಲಿ ಐದನೇ ಒಂದು ಪಾಲು ನೀರೇ ಇದೆ ಎಂದು ಕೊಳ್ಳುವವರು ಹೆದರಿದರು. ಆದರೆ ಚೆನ್ನಾಗಿ ಕಟ್ಟಿದ ಫೈಬರ್ ಪದರ ತೂಕದಲ್ಲಿ ನೂರಕ್ಕೆ ಎರಡು ಮೂರು ಪಾಲು ನೀರು ಹಿಡಿದರೆ ಹೆಚ್ಚು. ಮೇಲಾಗಿ ಮೀಟರಿಗೆ ನೀರು ಯಾವುದು, ಬೇರೆ ಯಾವುದು ಎಂಬುದೇ ತಿಳಿಯದು. ತಾಮ್ರದ ಪುಡಿ ಬೆರೆತ ತಳದ ಬಣ್ಣ, ಒಣಗಿ ಕೂತ ಉಪ್ಪು, ಗೋಡೆಗೆ ಅಂಟಿದ ಇಂಧನ ಟ್ಯಾಂಕ್, ಕಾರ್ಬನ್ ನಾರು ಎಲ್ಲವೂ ಮುಳ್ಳನ್ನು ಏರಿಸುತ್ತವೆ. ಆ ಅಂಕಿಯೊಂದನ್ನೇ ತೋರಿಸಿ ದೋಣಿಯ ಬೆಲೆ ಇಳಿಸುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಬಲ್ಲ ಸರ್ವೇಯರುಗಳು ಹಾಗಾಗಿಯೇ ಹೋಲಿಕೆಯ ದಾರಿ ಹಿಡಿದರು. ಮೊದಲು ನೀರಿನ ಗೆರೆಗಿಂತ ಮೇಲಿನ ಒಣ ಭಾಗವನ್ನು ಅಳೆಯುತ್ತಾರೆ. ಆಮೇಲೆ ತಳದ ಬಣ್ಣವನ್ನು ಅಲ್ಲಲ್ಲಿ ಅಂಗೈಯಗಲ ಕೆರೆದು, ಒರೆಸಿ, ಅದೇ ಮೀಟರ್ ಇಟ್ಟು, ಬಂದ ಅಂಕಿಯನ್ನು ಚಾಕಿನಲ್ಲಿ ಅಲ್ಲೇ ಬರೆಯುತ್ತಾರೆ. ಮುಳ್ಳು ಏರಿದ ಕಡೆ ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳುತ್ತಾರೆ. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಪದರ ಬಿಟ್ಟಿದೆ ಎಂಬ ಅನುಮಾನ. ದೋಣಿ ನೀರಿನಿಂದ ಮೇಲೆ ಬಂದ ದಿನವೇ ಅಳೆದ ಅಂಕಿಗೆ ಬೆಲೆ ಕಡಿಮೆ.

ಮೀಟರ್ ಕಲಿಸಿದ ದೊಡ್ಡ ಪಾಠ ದುರಸ್ತಿಯದು. ಜೆಲ್‌ಕೋಟ್ ಕೆತ್ತಿ ತೆಗೆದು ತಿಂಗಳುಗಟ್ಟಲೆ ಗಾಳಿಗೆ ಬಿಟ್ಟರೂ ಕೆಲವು ದೋಣಿಗಳಲ್ಲಿ ಮುಳ್ಳು ಇಳಿಯಲೇ ಇಲ್ಲ. ನೀರು ಆರುತ್ತದೆ, ಗ್ಲೈಕಾಲ್ ಆರುವುದಿಲ್ಲ. ಒಳಗೇ ಕೂತು ಗಾಳಿಯ ತೇವವನ್ನು ಹೀರುತ್ತದೆ. ಅದು ನೀರಿನಲ್ಲಿ ಕರಗುವುದರಿಂದ, ಒಣಗಿಸಬೇಕಾದ ದೋಣಿಯನ್ನೇ ಮತ್ತೆ ಮತ್ತೆ ಬಿಸಿ ಸಿಹಿನೀರಿನಿಂದ ತೊಳೆಯುವ ಪದ್ಧತಿ ಬಂತು. ತೊಳೆದು ಒಣಗಿಸಿ, ಮುಳ್ಳು ಇಳಿದ ಮೇಲೆಯೇ ಎಪಾಕ್ಸಿ ಬಳಿಯುತ್ತಾರೆ. ಹೊಸ ದೋಣಿಗಳಲ್ಲಿ ನೀರನ್ನು ಹೆಚ್ಚು ತಡೆಯುವ ವಿನೈಲ್ ಎಸ್ಟರ್ ರಾಳದ ಹೊರಪದರ ಬಂದು ಗುಳ್ಳೆಯ ಕಾಟ ಬಹಳ ತಗ್ಗಿದೆ. ಪಸೆ ಹುಡುಕುವ ಕೆಲಸದಲ್ಲಿ ಶಾಖ ತೋರುವ ಕ್ಯಾಮೆರಾ ಈಗ ಮೀಟರಿನ ಜೊತೆಗಾರ.

ನಮ್ಮ ಕರಾವಳಿಯ ಫೈಬರ್ ದೋಣಿಗಳಲ್ಲಿ ಅನೇಕವು ದಿನವೂ ಮರಳಿಗೆ ಬರುವುದರಿಂದ ತಳದ ಗುಳ್ಳೆ ದೊಡ್ಡ ಚಿಂತೆಯಲ್ಲ. ನೋಡಬೇಕಾದದ್ದು ಹಿಂಬದಿಯ ಹಲಗೆ. ಔಟ್‌ಬೋರ್ಡ್ ಎಂಜಿನ್ ತೂಗುವ ಆ ಜಾಗದಲ್ಲಿ ಫೈಬರಿನೊಳಗೆ ಪ್ಲೈವುಡ್ ಇದ್ದರೆ, ಬೋಲ್ಟಿನ ತೂತುಗಳಿಂದ ನೀರು ಇಳಿದು ಅದು ಮೆತ್ತಗಾಗುತ್ತದೆ, ಓಡುವಾಗ ಎಂಜಿನ್ನಿನ ನೂಕುಬಲ ಪೂರ್ತಿ ಅದರ ಮೇಲೇ ಬೀಳುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಏಪ್ರಿಲ್-ಮೇ ಬಿಸಿಲಲ್ಲಿ ಎಂಜಿನ್ ಇಳಿಸಿ, ಉಪ್ಪು ತೊಳೆದು, ಒರೆಸಿ, ತೂತುಗಳ ಸುತ್ತ ಅಳೆದು, ಅದೇ ಹಲಗೆಯ ಮೇಲ್ತುದಿಯ ಅಂಕಿಯೊಂದಿಗೆ ಹೋಲಿಸಬೇಕು. ಮೀನುಗಾರರ ಸಹಕಾರ ಸಂಘವೊಂದು ಒಂದು ಮೀಟರ್ ಕೊಂಡು ಹಲವು ದೋಣಿಗಳಿಗೆ ಬಳಸಬಹುದು.