ತೊಂಬತ್ತು ಅಂಚುಗಳ ಚೆಂಡು

ಹಳೆಯ ಕಪ್ಪು-ಬಿಳಿ ಫುಟ್‌ಬಾಲೊಂದು ಸಿಕ್ಕರೆ ಎಣಿಸಿ ನೋಡಿ. ಐದು ಮೂಲೆಯ ತುಂಡುಗಳು 12, ಆರು ಮೂಲೆಯವು 20. ಇವುಗಳನ್ನು ಒಂದಕ್ಕೊಂದು ಕೂಡಿಸಲು 90 ಅಂಚುಗಳನ್ನು ಹೊಲಿಯಬೇಕು. ಒಳಮೈಯನ್ನು ಹೊರಗೆ ಮಾಡಿಕೊಂಡು, ತುಂಡುಗಳನ್ನು ಮೊಣಕಾಲುಗಳ ನಡುವಿನ ಮರದ ಹಿಡಿಕೆಗೆ ಸಿಕ್ಕಿಸಿ, ಮೇಣ ಸವರಿದ ದಾರದ ಎರಡೂ ತುದಿಗೆ ಸೂಜಿ ಪೋಣಿಸಿ ಹೊಲಿಯುತ್ತಾರೆ. ಪಳಗಿದ ಕೈಗೂ ದಿನಕ್ಕೆ ಮೂರೋ ನಾಲ್ಕೋ ಚೆಂಡು ಮಾತ್ರ. ಕೊನೆಯ ಅಂಚನ್ನಂತೂ ಒಳಗೇನಾಗುತ್ತಿದೆ ಎಂದು ಕಾಣದೆಯೇ ಮುಗಿಸಬೇಕು.

ದಶಕಗಳ ಕಾಲ ಜಗತ್ತಿನ ಕೈಹೊಲಿಗೆಯ ಚೆಂಡುಗಳಲ್ಲಿ ಬಹುಪಾಲು ಬಂದದ್ದು ಪಾಕಿಸ್ತಾನದ ಸಿಯಾಲ್‌ಕೋಟ್‌ನಿಂದ. ಬ್ರಿಟಿಷ್ ಅಧಿಕಾರಿಯೊಬ್ಬನ ಮುರಿದ ಟೆನಿಸ್ ರಾಕೆಟ್ಟನ್ನು ಸ್ಥಳೀಯನೊಬ್ಬ ರಿಪೇರಿ ಮಾಡಿಕೊಟ್ಟಲ್ಲಿಂದ ಈ ಉದ್ಯಮ ಶುರುವಾಯಿತು ಎಂಬ ಕಥೆಯಿದೆ. ಇಂಥ ಮೂಲಕಥೆಗಳು ಕೇಳಲು ಚೆಂದ. ನನಗೆ ಊರಿನ ದಂಡುಪ್ರದೇಶ ಮತ್ತು ಅಲ್ಲಿನ ಕುಶಲಕರ್ಮಿಗಳೇ ಹೆಚ್ಚು ನಂಬಲರ್ಹ ಕಾರಣವಾಗಿ ಕಾಣುತ್ತಾರೆ. 1947ರಲ್ಲಿ ಇಲ್ಲಿನ ಹಿಂದೂ, ಸಿಖ್ ತಯಾರಕರು ಗಡಿ ದಾಟಿ ಜಲಂಧರ್ ಮತ್ತು ಮೀರತ್ ಸೇರಿದರು. ಭಾರತದ ಕ್ರೀಡಾ ಸಾಮಗ್ರಿ ಉದ್ಯಮದ ಒಂದು ಬೇರು ಹೀಗೆ ದೇಶವಿಭಜನೆಯಲ್ಲಿದೆ. ನಮ್ಮ ಶಾಲೆಗಳ ಆಟದ ಕೋಣೆಗೆ ಬರುವ ಚೆಂಡುಗಳ ಮೇಲೂ ಜಲಂಧರಿನ ವಿಳಾಸ ಕಾಣಸಿಗುತ್ತದೆ.

ಸಿಯಾಲ್‌ಕೋಟ್‌ನಲ್ಲಿ ಉಳಿದ ಉದ್ಯಮದಲ್ಲಿ ಖ್ವಾಜಾ ಮಸೂದ್ ಅಖ್ತರ್ 1991ರಲ್ಲಿ ಫಾರ್ವರ್ಡ್ ಸ್ಪೋರ್ಟ್ಸ್ ಆರಂಭಿಸಿದರು. ಐದೇ ವರ್ಷದಲ್ಲಿ ಇಡೀ ಊರೇ ಕಟಕಟೆಯಲ್ಲಿ ನಿಂತಿತು. ಚೆಂಡು ಹೊಲಿಯುವ ಮಕ್ಕಳ ಕುರಿತು 1996ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಬಂದ ವರದಿ ಜಗತ್ತನ್ನು ಕಲಕಿತು. 1997ರ ಅಟ್ಲಾಂಟಾ ಒಪ್ಪಂದದ ನಂತರ ಹೊಲಿಗೆ ಮನೆಗಳಿಂದ ತಪಾಸಣೆಗೆ ಸಿಗುವ ಕೇಂದ್ರಗಳಿಗೆ ಹೋಯಿತು. ಮಕ್ಕಳ ಮಟ್ಟಿಗೆ ಅದು ಆಗಲೇಬೇಕಿತ್ತು. ಆದರೆ ಅಡುಗೆಮನೆಯ ಕೆಲಸದ ನಡುವೆ ಹೊಲಿಯುತ್ತಿದ್ದ, ಹೊರಗೆ ದುಡಿಯಲು ಮನೆಯವರ ಒಪ್ಪಿಗೆಯಿಲ್ಲದ ಎಷ್ಟೋ ಹೆಂಗಸರ ಕೈಯಿಂದ ಸೂಜಿಯ ಜೊತೆಗೆ ಸಂಪಾದನೆಯೂ ಜಾರಿತು. ಕಂಪನಿಗಳ ಬೆಳವಣಿಗೆಯ ಕಥನಗಳಲ್ಲಿ ಈ ಪುಟ ಸಾಮಾನ್ಯವಾಗಿ ಇರುವುದಿಲ್ಲ.

ಆಮೇಲಿನ ಹೊಡೆತ ತಂತ್ರಜ್ಞಾನದ್ದು. 2006ರ ವಿಶ್ವಕಪ್ಪಿನ 'ಟೀಮ್‌ಗೀಸ್ಟ್' ಚೆಂಡಿನಲ್ಲಿ ದಾರವೇ ಇರಲಿಲ್ಲ. 14 ತುಂಡುಗಳನ್ನು ಶಾಖದಿಂದ ಬೆಸೆದಿದ್ದರು. ಫಾರ್ವರ್ಡ್ ಈ ವಿದ್ಯೆಯನ್ನೂ ಕಲಿಯಿತು. 2013ರಲ್ಲಿ ಅಡಿಡಾಸ್‌ನ ಚೀನೀ ಪೂರೈಕೆದಾರ ಬೇಡಿಕೆ ಪೂರೈಸಲಾಗದೆ ಹೋದಾಗ, ಅಖ್ತರ್ 33 ದಿನಗಳಲ್ಲಿ ಹೊಸ ಉತ್ಪಾದನಾ ಸಾಲು ಕಟ್ಟಿ ನಿಲ್ಲಿಸಿದರು. 2014ರ ಬ್ರೆಜಿಲ್ ವಿಶ್ವಕಪ್ಪಿನ 'ಬ್ರಜೂಕಾ' ಅಲ್ಲಿ ತಯಾರಾಯಿತು, 2022ರ 'ಅಲ್ ರಿಹ್ಲಾ' ಕೂಡ.

ಬ್ರಜೂಕಾದ ಆರು ತುಂಡುಗಳಿಗೆ ಬಣ್ಣ, ಅಂಟು, ಶಾಖ ಕೊಡುವ ಸಾಲಿನಲ್ಲಿ ನಿಂತವರು ಹೆಚ್ಚಾಗಿ ಹೆಂಗಸರು. ಪರದೆ ಧರಿಸಿ ಯಂತ್ರದ ಮುಂದೆ ನಿಂತ ಅವರ ಚಿತ್ರಗಳು ಆಗ ಪತ್ರಿಕೆಗಳಲ್ಲೆಲ್ಲ ಬಂದವು. ಅಂಗಡಿಯಲ್ಲಿ ಆ ಚೆಂಡಿನ ಬೆಲೆ 160 ಡಾಲರ್. ಅವರ ತಿಂಗಳ ಸಂಬಳ ಸುಮಾರು 100.