ಬಿಯರ್‌ಗೆ ಮಾರ್ಕ್ಸ್ ಹಾಕೋದು ಹೇಗೆ? ಸ್ಟ್ರಾಂಗ್ ಬಾಟಲಿಯಿಂದ ಬ್ರೂಪಬ್ ಗ್ಲಾಸ್‌ವರೆಗೆ

ಬೆಂಗಳೂರಿನಲ್ಲಿ ಬಿಯರ್ ಬಗ್ಗೆ ಮಾತು ಶುರುವಾದರೆ ಬಹಳ ಬೇಗ ಅದು ಜೇಬಿನ ಮಾತಾಗಿಬಿಡುತ್ತದೆ. ಇಂದಿರಾನಗರದ ಬ್ರೂಪಬ್‌ನಲ್ಲಿ ಕುಡಿಯೋರಿಗೆ ‘ಟೇಸ್ಟ್’ ಇದೆ, ಬಾರ್ ಅಂಡ್ ರೆಸ್ಟೋರೆಂಟ್‌ನಲ್ಲಿ ಸ್ಟ್ರಾಂಗ್ ತೆಗೆಸೋರಿಗೆ ಕಿಕ್ ಬಂದರೆ ಸಾಕು ಅನ್ನೋ ತೀರ್ಪು ಮೊದಲೇ ರೆಡಿ ಇರುತ್ತೆ. ಗ್ಲಾಸಿನಲ್ಲಿ ಏನಿದೆ ಅಂತ ನೋಡುವ ಮುಂಚೆ ಕೊಟ್ಟ ತೀರ್ಪು ಅದು. ಗ್ಲಾಸಿನಿಂದಲೇ ಶುರು ಮಾಡಿದರೆ ಲೆಕ್ಕ ಬೇರೆ ಬರುತ್ತದೆ.

ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಅನ್ನೋ ಕಹಿ ಹೂವು, ಯೀಸ್ಟ್. ಬಿಯರ್‌ಗೆ ಮುಖ್ಯವಾಗಿ ಬೇಕಿರೋದು ಇಷ್ಟೇ. ಬಾರ್ಲಿಯ ಜೊತೆ ಅಕ್ಕಿ, ಸಕ್ಕರೆ ಸೇರಿಸುವವರೂ ಇದ್ದಾರೆ, ಗೋಧಿ ಹಾಕುವವರೂ ಇದ್ದಾರೆ. ಹುದುಗುವ ರೀತಿಯಲ್ಲಿ ಎರಡು ದೊಡ್ಡ ಕುಟುಂಬಗಳು. ಲಾಗರ್ ತಣ್ಣಗೆ, ಸುಮಾರು 10 ಡಿಗ್ರಿಯಲ್ಲಿ, ನಿಧಾನವಾಗಿ ಹುದುಗುತ್ತದೆ. ಸರಿಯಾಗಿ ಹದಕ್ಕೆ ಬರಲು ಹಲವು ವಾರ ಬೇಕು. ಏಲ್ 20 ಡಿಗ್ರಿಯ ಆಸುಪಾಸಿನಲ್ಲಿ ಬೇಗ ಮುಗಿಯುತ್ತದೆ. ಕಿಂಗ್‌ಫಿಷರ್, ಟ್ಯೂಬೋರ್ಗ್, ಬಡ್‌ವೈಸರ್ ಎಲ್ಲವೂ ಲಾಗರ್. ಬ್ರೂಪಬ್‌ಗಳ ಮೆನುವಿನಲ್ಲಿ ಹೆಚ್ಚಾಗಿ ಕಾಣೋದು ಏಲ್. ಅದಕ್ಕೆ ರುಚಿಯಷ್ಟೇ ಕಾರಣ ಅಲ್ಲ, ಟ್ಯಾಂಕ್‌ಗಳ ಲೆಕ್ಕವೂ ಇದೆ: ಗೋಧಿಯ ಹೆಫೆವೈಝನ್ ಎರಡು ವಾರದಲ್ಲಿ ಗ್ಲಾಸಿಗೆ ಬರುತ್ತೆ, ಲಾಗರ್ ಅಷ್ಟೇ ಜಾಗವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತೆ.

ಈಗ ರುಚಿ ನೋಡೋಣ. ಮೊದಲ ಕೆಲಸ, ಬಾಟಲಿಯನ್ನು ಐಸ್ ಬಕೆಟ್‌ನಿಂದ ಹೊರಗೆ ತೆಗೆಯೋದು. ವಿಪರೀತ ತಣ್ಣಗಿದ್ದರೆ ಪರಿಮಳ ಮೇಲೇಳೋದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. ‘ಚಿಲ್ಡ್’ ಅಂತ ಜಾಹೀರಾತುಗಳು ಹೇಳುತ್ತಲೇ ಇರೋದು ಸುಮ್ಮನೆ ಅಲ್ಲ. ಲಾಗರ್‌ಗೆ 4ರಿಂದ 7 ಡಿಗ್ರಿ, ಏಲ್ ಮತ್ತು ಸ್ಟೌಟ್‌ಗೆ ಇನ್ನೂ ಸ್ವಲ್ಪ ಜಾಸ್ತಿ ಇರಲಿ. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಗ್ಲಾಸ್ ಸರಿಯಾಗಿ ತೊಳೆದಿಲ್ಲ ಅಂತ ಅರ್ಥ. ಎಣ್ಣೆ, ಸೋಪಿನ ಅಂಶ ನೊರೆಯನ್ನೂ ಕೊಲ್ಲುತ್ತದೆ. ಆಮೇಲೆ ಮೂಗು, ಕೊನೆಗೆ ಬಾಯಿ. ವೈನ್‌ನ ಹಾಗೆ ಉಗಿಯಬೇಡಿ. ಬಿಯರ್‌ನ ಕಹಿ ನುಂಗಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ನಿಲ್ಲುತ್ತದೆ, ಅದೂ ತೀರ್ಪಿನ ಭಾಗ.

ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂನ ಅಂಕಪಟ್ಟಿ 50ಕ್ಕೆ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಅನುಭವಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ ಮೂರು! ಇನ್‌ಸ್ಟಾಗ್ರಾಂ ಇದನ್ನು ಒಪ್ಪಲಿಕ್ಕಿಲ್ಲ. ಈ ಪದ್ಧತಿಯಲ್ಲಿ ನನಗೆ ಇಷ್ಟವಾದದ್ದು, ಪ್ರತಿ ಬಿಯರನ್ನೂ ಅದರದೇ ಶೈಲಿಗೆ ಅಳೆಯುತ್ತಾರೆ ಅನ್ನೋದು. ಲಾಗರ್ ಹಗುರವಾಗಿ, ಸ್ವಚ್ಛವಾಗಿ ಇರಬೇಕು. ಅದಕ್ಕೆ ಸ್ಟೌಟ್‌ನ ಕಾಫಿ ಘಮ ಇಲ್ಲ ಅಂತ ಮಾರ್ಕ್ಸ್ ಕಳೆಯೋ ಹಾಗಿಲ್ಲ.

ಹಾಗೆ ಅಳೆದರೆ ಮಾಮೂಲಿ ಬಾಟಲಿ ಲಾಗರ್ ನಾವು ಅಂದುಕೊಂಡಷ್ಟು ಕೆಟ್ಟದ್ದಲ್ಲ. ಅಷ್ಟು ತೆಳು ರುಚಿಯಲ್ಲಿ ತಪ್ಪು ಮುಚ್ಚಿಡೋಕೆ ಜಾಗ ಇರೋದಿಲ್ಲ. ಬೇರೆ ಬೇರೆ ರಾಜ್ಯದ ಘಟಕಗಳಲ್ಲಿ, ಬೇರೆ ಬೇರೆ ನೀರಿನಲ್ಲಿ ಒಂದೇ ರುಚಿ ತರೋದು ಗಟ್ಟಿ ಎಂಜಿನಿಯರಿಂಗ್. ಅದು ಕೆಡೋದು ಹೆಚ್ಚಾಗಿ ಕಾರ್ಖಾನೆಯ ಗೇಟು ದಾಟಿದ ಮೇಲೆ. ಸೆಕೆಯ ಗೋಡೌನ್‌ನಲ್ಲಿ ತಿಂಗಳುಗಟ್ಟಲೆ ಕೂತ ಬಾಟಲಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ, ತಯಾರಿಕೆಯ ದಿನಾಂಕ ನೋಡಿ ತಗೊಳ್ಳಿ. ಬೆಳಕು ಬಿದ್ದರೆ ಹಾಪ್ಸ್‌ನ ಅಂಶ ಒಡೆದು ಗಂಧಕದ ನಾತ ಬರುತ್ತೆ. ಕಂದು ಗಾಜು ಅದನ್ನು ಬಹಳಷ್ಟು ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯೋದಿಲ್ಲ. ಹಸಿರು ಬಾಟಲಿ ‘ಪ್ರೀಮಿಯಂ’ ಅನ್ನೋದು ಮಾರ್ಕೆಟಿಂಗ್.

ಇನ್ನು ಗ್ಲಿಸರಿನ್. ಬಾಟಲಿಯನ್ನು ನೀರಿನಲ್ಲಿ ತಲೆಕೆಳಗು ಮಾಡಿ ‘ಗ್ಲಿಸರಿನ್ ತೆಗೆಯೋ’ ವಿದ್ಯೆ ನಮ್ಮಲ್ಲಿ ಪ್ರತಿ ಹಾಸ್ಟೆಲಿನಲ್ಲೂ ಇದೆ. ಗ್ಲಿಸರಿನ್ ನೀರಿನಲ್ಲಿ ಪೂರ್ತಿ ಬೆರೆಯುವ ವಸ್ತು, ಬಿಯರ್‌ನಲ್ಲೂ ಹಾಗೇ, ಬೇರೆಯಾಗಿ ಇಳಿದು ಬರೋದಿಲ್ಲ. ಹುದುಗುವಾಗ ಯೀಸ್ಟೇ ಸ್ವಲ್ಪ ಗ್ಲಿಸರಿನ್ ತಯಾರಿಸುತ್ತದೆ. ಆ ತಂತ್ರದಿಂದ ಆಗೋದು ಇಷ್ಟೇ, ಒಂದಷ್ಟು ಬಿಯರ್ ಚೆಲ್ಲಿಹೋಗುತ್ತೆ.

ಬ್ರೂಪಬ್‌ನ ನಿಜವಾದ ಬಲ ತಾಜಾತನ. ಬಿಯರ್ ಪಕ್ಕದ ಟ್ಯಾಂಕಿನಿಂದಲೇ ಬಂದಿರುತ್ತೆ. ಒಳ್ಳೆಯ ಹೆಫೆವೈಝನ್‌ನಲ್ಲಿ ಬಾಳೆಹಣ್ಣು, ಲವಂಗದ ಘಮ ಬರುತ್ತೆ, ಎರಡನ್ನೂ ಯಾರೂ ಹಾಕಿರೋದಿಲ್ಲ, ಯೀಸ್ಟ್‌ನ ಕೈಚಳಕ ಅದು. ಆದರೆ ವೀಕೆಂಡ್ ರಶ್‌ಗೆ ಅಂತ ಟ್ಯಾಂಕ್ ಬೇಗ ಖಾಲಿ ಮಾಡಿದರೆ ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ಉಳಿದುಬಿಡುತ್ತೆ. ಹಸಿ ಸೇಬಿನ ವಾಸನೆ ಬಂದರೂ ಅದೇ ಕಥೆ, ಬಿಯರ್ ಇನ್ನೂ ಎಳಸು. ಬೆಣ್ಣೆಯ ಜೊತೆ ಹುಳಿಯೂ ಇದ್ದರೆ ನಲ್ಲಿಯ ಪೈಪ್ ತೊಳೆದಿಲ್ಲ ಅಂತ ಅನುಮಾನಪಡಬಹುದು. ‘ಕ್ರಾಫ್ಟ್ ಅಂದ್ರೆ ಹೀಗೇ ಇರುತ್ತೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಜನ ಸ್ಟ್ರಾಂಗ್ ಯಾಕೆ ಕುಡೀತಾರೆ? ನಾಲಿಗೆ ಕೆಟ್ಟಿದೆ ಅಂತಲ್ಲ, ಗಣಿತ ಚೆನ್ನಾಗಿದೆ ಅಂತ. ಭಾರತದ ಆಹಾರ ಮಾನದಂಡದಲ್ಲಿ ಶೇ. 5 ದಾಟಿ 8ರವರೆಗೆ ಮದ್ಯಸಾರ ಇದ್ದರೆ ಸ್ಟ್ರಾಂಗ್. 650 ಮಿ.ಲೀ. ಬಾಟಲಿಯಲ್ಲಿ ಶೇ. 5ಕ್ಕೆ 32.5 ಮಿ.ಲೀ. ಮದ್ಯಸಾರ, ಶೇ. 8ಕ್ಕೆ 52 ಮಿ.ಲೀ. ಶೇ. 42.8ರ ವಿಸ್ಕಿಯ 90 ಮಿ.ಲೀ. ಪ್ಯಾಕೆಟ್‌ನಲ್ಲೇ ಸುಮಾರು 38.5 ಮಿ.ಲೀ. ಸಿಗುತ್ತೆ. ಇಷ್ಟರ ಮೇಲೆ ರಾಜ್ಯ ಸರ್ಕಾರ 2023ರ ಜುಲೈ ಬಜೆಟ್‌ನಲ್ಲಿ ಬಿಯರ್‌ನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 175ರಿಂದ 185ಕ್ಕೆ ಏರಿಸಿತು. ದಿನಗೂಲಿಯವರು ಇಲ್ಲಿ ರುಚಿಗೆ ದುಡ್ಡು ಕೊಡಲಿ ಅಂತ ನಿರೀಕ್ಷಿಸೋದು ತಮಾಷೆ.

ಬೆಲೆಯ ಕಥೆ ತೆರಿಗೆಗೇ ಮುಗಿಯೋದಿಲ್ಲ. ಬೆಲೆ ಹೊಂದಾಣಿಕೆ ಮಾಡಿಕೊಂಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2021ರ ಸೆಪ್ಟೆಂಬರ್‌ನಲ್ಲಿ ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್ ಇಂಡಿಯಾಗೆ ಸುಮಾರು 121 ಕೋಟಿ ರೂಪಾಯಿ ದಂಡ ಹಾಕಿತು. ಮಾಹಿತಿ ಕೊಟ್ಟ ಎಬಿ ಇನ್‌ಬೆವ್‌ಗೆ ಪೂರ್ತಿ ವಿನಾಯಿತಿ ಸಿಕ್ಕಿತು. ದಂಡ ಬಿದ್ದ ಕಂಪನಿಗಳು ಮೇಲ್ಮನವಿ ಹೋದವು. ಹತ್ತಾರು ಲೇಬಲ್‌ಗಳ ಮುಂದೆ ನಿಂತು ನಾವು ‘ನಮ್ಮ ಬ್ರ್ಯಾಂಡ್’ ಅಂತ ಆರಿಸುತ್ತಿದ್ದ ಕಾಲದಲ್ಲೇ ಇದು ನಡೆದದ್ದು.

ಆ ‘ನಮ್ಮ ಬ್ರ್ಯಾಂಡ್’ ಎಷ್ಟು ಗಟ್ಟಿ? ಆಲಿಸನ್ ಮತ್ತು ಊಲ್ ಅನ್ನೋ ಸಂಶೋಧಕರು 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೇಬಲ್ ಇಲ್ಲದಾಗ ಹೆಚ್ಚಿನವರಿಗೆ ತಮ್ಮ ಮೆಚ್ಚಿನ ಬಿಯರನ್ನೇ ಗುರುತಿಸೋಕೆ ಆಗಲಿಲ್ಲ. ಲೇಬಲ್ ಅಂಟಿಸಿದ ಕೂಡಲೇ ಅದಕ್ಕೆ ಮಾರ್ಕ್ಸ್ ಏರಿತು. ಮದ್ಯದ ಜಾಹೀರಾತಿಗೆ ನಿರ್ಬಂಧ ಇರುವ ನಾಡಿನಲ್ಲಿ ಅದೇ ಹೆಸರಿನ ನೀರು, ಸೋಡಾದ ಜಾಹೀರಾತು ಯಾಕೆ ಬರುತ್ತೆ ಅನ್ನೋದಕ್ಕೆ ಉತ್ತರ ಇಲ್ಲಿದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮೂರು ಒಂದೇ ಥರದ ಗ್ಲಾಸ್, ಎರಡರಲ್ಲಿ ಒಂದು ಬಿಯರ್, ಮೂರನೆಯದರಲ್ಲಿ ಬೇರೆ. ಸುರಿಯೋರು ಒಬ್ಬರು, ಕುಡಿಯೋರು ಇನ್ನೊಬ್ಬರು. ಬೇರೆ ಯಾವುದು ಅಂತ ಹೇಳಬೇಕು. ಕಣ್ಣುಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತೆ, ಹಾಗಾಗಿ ಒಂದೇ ಸುತ್ತಿಗೆ ಬೀಗಬೇಡಿ. ಸತತ ಮೂರು ಸುತ್ತು ಗೆದ್ದರೆ ಅದೃಷ್ಟದ ಪಾಲು 27ರಲ್ಲಿ 1. ಪ್ರತಿ ಗ್ಲಾಸಿಗೆ ಎರಡು ಗುಟುಕು ಸಾಕು, ಮಧ್ಯೆ ನೀರು ಕುಡಿಯಿರಿ, ಖಾರದ ಕಡಲೆಬೀಜ ಮಸಾಲಾ ಆಮೇಲೆ. ಬ್ರೂಪಬ್‌ಗೆ ಹೋದರೆ ಪೂರ್ತಿ ಗ್ಲಾಸ್ ಹೇಳುವ ಮುಂಚೆ ಸ್ಯಾಂಪಲ್ ಕೇಳಿ. ಕೊಡ್ತಾರೆ. ಬೆಣ್ಣೆ ವಾಸನೆ ಬಂದರೆ ಹಾಗಂತಲೇ ಹೇಳಿ, ಬೇರೆ ತರಿಸಿ.